ನೋಟ್‌ಬುಕ್, ರಕ್ತ, ರೊಟ್ಟಿ, ಬಾರ್ಬೆಲ್: ಹಾರ್ಮೋನು ತಿಳಿದು ಕಸರತ್ತು ಮಾಡುವ ಹೆಣ್ಣುಮಕ್ಕಳಿಗೆ ಸಮಗ್ರ ಮಾರ್ಗದರ್ಶಿ

ನಾಲ್ಕು ಬಣ್ಣದ ಒಂದು ಚಕ್ರದ ಚಿತ್ರ ಜಿಮ್ಮಿನ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿರುತ್ತದೆ. ಮುಟ್ಟಿನ ವಾರ ಯೋಗ, ಮುಂದಿನ ವಾರ ಭಾರ, ಆಮೇಲೆ ಓಟ, ಕೊನೆಯ ವಾರ ವಿಶ್ರಾಂತಿ. ನೋಡಲು ಚೆಂದ. ಅದನ್ನೇ ನಂಬಿ ನಡೆದವರು ತಿಂಗಳಲ್ಲಿ ಎರಡು ವಾರದ ಗಟ್ಟಿ ಕಸರತ್ತನ್ನು ಸುಮ್ಮನೆ ಕೈಬಿಡುತ್ತಾರೆ. 2020ರಲ್ಲಿ 78 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ತೂಗಿದ ಒಂದು ವಿಮರ್ಶೆ ಬಂತು. ಮುಟ್ಟಿನ ಮೊದಲ ಕೆಲ ದಿನಗಳಲ್ಲಿ ಸಾಮರ್ಥ್ಯ ತುಸುವೇ ತಗ್ಗಬಹುದು, ಆ ವ್ಯತ್ಯಾಸ ಗಣನೆಗೆ ಬಾರದಷ್ಟು ಚಿಕ್ಕದು, ಒಬ್ಬರಿಂದ ಒಬ್ಬರಿಗೆ ಇರುವ ಅಂತರವೇ ದೊಡ್ಡದು, ಹಾಗಾಗಿ ಎಲ್ಲರಿಗೂ ಒಂದೇ ಪಟ್ಟಿ ಬೇಡ ಎಂಬುದು ಅದರ ತೀರ್ಮಾನ.

ಹಾಗಂತ ಹಾರ್ಮೋನಿಗೆ ಬೆಲೆಯೇ ಇಲ್ಲ ಎಂದಲ್ಲ. ಸರತಿ ಬೇರೆ, ಅಷ್ಟೇ. ಮೊದಲು ರಕ್ತದಲ್ಲಿನ ಕಬ್ಬಿಣ, ಆಮೇಲೆ ಹೊಟ್ಟೆ ತುಂಬ ಊಟ, ಅದಾದ ಮೇಲೆ ಭಾರ, ಕೊನೆಗೆ ಕ್ಯಾಲೆಂಡರ್ ನೋಡಿ ಮಾಡುವ ಸಣ್ಣಪುಟ್ಟ ತಿದ್ದುಪಡಿ. ಹುಬ್ಬಳ್ಳಿಯ ಉಣಕಲ್ ಕೆರೆ ಸುತ್ತುವವರಿಗೂ, ಗದಗಿನ ಗರಡಿಯಲ್ಲಿ ಕುಸ್ತಿ ಕಲಿಯುವ ಹುಡುಗಿಯರಿಗೂ, ಹಾವೇರಿಯ ಕಬಡ್ಡಿ ತಂಡಗಳಿಗೂ ಇದೇ ಸರತಿ.

ಒಂದು ಮುಟ್ಟಿನ ಚಕ್ರದಲ್ಲಿ ಏನೇನು ನಡೆಯುತ್ತದೆ

ರಕ್ತ ಕಾಣಿಸಿದ ದಿನ 1ನೇ ದಿನ. 21ರಿಂದ 35 ದಿನದೊಳಗೆ ಮತ್ತೆ ಬಂದರೆ ವಯಸ್ಕರಿಗೆ ಅದು ಸಹಜ. 28 ಎಂಬುದು ಸರಾಸರಿ, ನಿಯಮವಲ್ಲ. ಮೊದಲ ದಿನಗಳಲ್ಲಿ ಈಸ್ಟ್ರೋಜನ್, ಪ್ರೊಜೆಸ್ಟರಾನ್ ಎಂಬ ಅಂಡಾಶಯದ ಹಾರ್ಮೋನು ಎರಡೂ ತಳದಲ್ಲಿರುತ್ತವೆ. ನಂತರ ಈಸ್ಟ್ರೋಜನ್ ಏರುತ್ತ ಹೋಗಿ ಅಂಡೋತ್ಪತ್ತಿಯ ಹೊತ್ತಿಗೆ ತುದಿ ಮುಟ್ಟುತ್ತದೆ. ಅಂಡ ಬಿಡುಗಡೆಯಾದ ಮೇಲೆ ಪ್ರೊಜೆಸ್ಟರಾನ್ ಏರುತ್ತದೆ, ಸುಮಾರು ಎರಡು ವಾರ ಇದ್ದು, ಇಳಿದಾಗ ಮತ್ತೆ ಮುಟ್ಟು. ಈ ಎರಡನೇ ಭಾಗದ ಉದ್ದ ಹೆಚ್ಚು ಬದಲಾಗುವುದಿಲ್ಲ. 'ಈ ಸಲ ಡೇಟ್ ತಡವಾಯಿತು' ಎಂದರೆ ಸಾಮಾನ್ಯವಾಗಿ ಅಂಡೋತ್ಪತ್ತಿಯೇ ತಡವಾಗಿದೆ ಎಂದರ್ಥ. ಪರೀಕ್ಷೆ, ಮದುವೆ ಮನೆ, ನಿದ್ದೆಗೇಡು, ಅರೆಹೊಟ್ಟೆ, ಯಾವುದೂ ಕಾರಣವಾಗಬಹುದು.

ಪ್ರೊಜೆಸ್ಟರಾನ್ ಇರುವ ಎರಡು ವಾರ ಮೈಯ ಬಿಸಿ 0.3ರಿಂದ 0.5 ಡಿಗ್ರಿ ಸೆಲ್ಸಿಯಸ್ ಹೆಚ್ಚಿರುತ್ತದೆ, ಬೆಳಗಿನ ನಾಡಿ ಎರಡು ಮೂರು ಬಡಿತ ಮೇಲಿರುತ್ತದೆ, ಕೆಲವರ ಮೈಯಲ್ಲಿ ನೀರು ನಿಂತು ತೂಕ ಒಂದೆರಡು ಕಿಲೋ ಏರುತ್ತದೆ. ಇದನ್ನು ಅರಿಯದೆ 'ಕಸರತ್ತು ಹೆಚ್ಚಾಯಿತು', 'ಕೊಬ್ಬು ಬಂತು' ಎಂದು ಗಾಬರಿಯಾಗುವವರು ಬಹಳ. ತೂಕವನ್ನು ಹಿಂದಿನ ವಾರದ ಜೊತೆ ಹೋಲಿಸಬೇಡಿ. ಈ ಚಕ್ರದ 7ನೇ ದಿನವನ್ನು ಹಿಂದಿನ ಚಕ್ರದ 7ನೇ ದಿನದ ಜೊತೆ ಹೋಲಿಸಿ.

ಹೆಜ್ಜೆ 1: ಮೂರು ಚಕ್ರ ಬರೆದಿಡಿ

ಆ್ಯಪ್ ಇದ್ದರೂ ಸರಿ, ಇಪ್ಪತ್ತು ರೂಪಾಯಿಯ ನೋಟ್‌ಬುಕ್ ಆದರೆ ಇನ್ನೂ ಒಳ್ಳೆಯದು. ಆ್ಯಪ್ ಮುಂದಿನ ದಿನಾಂಕವನ್ನು ಊಹಿಸುತ್ತದೆ, ನೀವು ಆ ಊಹೆಯನ್ನೇ ನಿಜವೆಂದು ನಂಬಿಬಿಡುತ್ತೀರಿ. ದಿನಕ್ಕೆ ಒಂದು ಸಾಲು ಸಾಕು: ಚಕ್ರದ ದಿನ, ರಕ್ತಸ್ರಾವ (ಇಲ್ಲ, ಕಡಿಮೆ, ಮಧ್ಯಮ, ಹೆಚ್ಚು), ನಿದ್ದೆಯ ಗಂಟೆ, ಹಾಸಿಗೆಯಿಂದ ಏಳುವ ಮುಂಚಿನ ನಾಡಿ, ನೋವು 10ಕ್ಕೆ ಎಷ್ಟು, ಕಸರತ್ತಿನ ಶ್ರಮ 10ಕ್ಕೆ ಎಷ್ಟು. ಉದಾಹರಣೆಗೆ:

'ದಿನ 2. ಸ್ರಾವ ಹೆಚ್ಚು, ಪ್ಯಾಡ್ 5. ನಿದ್ದೆ 6. ನಾಡಿ 64. ನೋವು 6, ಬಿಸಿನೀರಿನ ಚೀಲ ಇಟ್ಟ ಮೇಲೆ 3. ಸ್ಕ್ವಾಟ್ 40 ಕಿಲೋ, 4 ಸೆಟ್, 6 ರೆಪ್, ಶ್ರಮ 7.'

(ಸ್ಕ್ವಾಟ್ ಎಂದರೆ ಭಾರ ಹೆಗಲ ಮೇಲಿಟ್ಟು ಕೂತು ಏಳುವುದು. ಒಂದು ಸಲ ಎತ್ತಿ ಇಳಿಸುವುದು ಒಂದು ರೆಪ್, ನಡುವೆ ನಿಲ್ಲದೆ ಮಾಡುವ ರೆಪ್‌ಗಳ ಗುಂಪು ಒಂದು ಸೆಟ್.) ಈ ಸಾಲಿನಲ್ಲೇ ಒಂದು ಸಂಗತಿ ಇದೆ: ನೋವು 6 ಇದ್ದ ದಿನವೂ ಭಾರ ಎಂದಿನಂತೆ ಎದ್ದಿದೆ. ಮೂರು ಚಕ್ರ ಬರೆದರೆ ಇಂಥ ಸಂಗತಿ ನಿಮ್ಮ ಮೈಗೆ ನಿಜವೋ ಅಲ್ಲವೋ ತಿಳಿಯುತ್ತದೆ. ಒಂದೇ ಚಕ್ರ ನೋಡಿ ತೀರ್ಮಾನಕ್ಕೆ ಬರಬೇಡಿ. ಆ ತಿಂಗಳು ಜ್ವರ ಬಂದಿರಬಹುದು, ಊರ ಜಾತ್ರೆಯಲ್ಲಿ ನಿದ್ದೆ ಕೆಟ್ಟಿರಬಹುದು.

ಅಂಡೋತ್ಪತ್ತಿ ಆಗುತ್ತಿದೆಯೇ ಎಂದು ತಿಳಿಯಬೇಕಿದ್ದರೆ ಔಷಧದಂಗಡಿಯಲ್ಲಿ ಮೂತ್ರಕ್ಕೆ ಅದ್ದುವ ಎಲ್‌ಎಚ್ (ಅಂಡ ಬಿಡುಗಡೆಗೆ ಸಂಕೇತ ಕೊಡುವ ಹಾರ್ಮೋನು) ಪಟ್ಟಿ ಸಿಗುತ್ತದೆ. 28 ದಿನದ ಚಕ್ರದವರು 10–11ನೇ ದಿನದಿಂದ ದಿನಕ್ಕೊಮ್ಮೆ, ಒಂದೇ ಹೊತ್ತಿಗೆ ನೋಡಲಿ. ಎಲ್ಲರಿಗೂ ಇದು ಬೇಕಿಲ್ಲ. ಸ್ಪರ್ಧೆಗೆ ಇಳಿಯುವವರಿಗೆ, ಚಕ್ರ ಏರುಪೇರಾದವರಿಗೆ ಉಪಯುಕ್ತ.

ಒಂದು ಎಚ್ಚರ. ಪೂಜೆ, ಮದುವೆ, ಯಾತ್ರೆ ಬಂತೆಂದು ಮುಟ್ಟು ಮುಂದೂಡುವ ಮಾತ್ರೆ ನುಂಗುವುದು ನಮ್ಮ ಕಡೆ ತೀರಾ ಸಾಮಾನ್ಯ. ಆ ತಿಂಗಳನ್ನು ಲೆಕ್ಕದಿಂದ ಬಿಡಿ. ಮಾತ್ರೆ ನಿಲ್ಲಿಸಿದ ಎರಡು ಮೂರು ದಿನಕ್ಕೆ ಬರುವ ಸ್ರಾವ ನಿಮ್ಮ ಚಕ್ರದ ಮಾಪನವಲ್ಲ. ಅಂಗಡಿಯಲ್ಲಿ ಕೇಳಿ ತಂದು ನುಂಗುವ ಮಾತ್ರೆಯೂ ಅದಲ್ಲ: ರಕ್ತ ಹೆಪ್ಪುಗಟ್ಟುವ ತೊಂದರೆ, ಯಕೃತ್ತಿನ ತೊಂದರೆ ಇದ್ದವರಿಗೆ ಅಪಾಯ, ವೈದ್ಯರನ್ನು ಕೇಳಿಯೇ ತೆಗೆದುಕೊಳ್ಳಬೇಕು.

ಹೆಜ್ಜೆ 2: ರಕ್ತ ಪರೀಕ್ಷೆ

ಎರಡು ಮಹಡಿ ಹತ್ತಿದರೆ ಏದುಸಿರು, ಓಟದಲ್ಲಿ ಕಾಲು ಕಲ್ಲಾಗುವುದು, ಎಷ್ಟು ಅಭ್ಯಾಸ ಮಾಡಿದರೂ ವೇಗ ಏರದಿರುವುದು: ಇವಕ್ಕೆ 'ಹಾರ್ಮೋನು' ಎಂದು ಹೆಸರಿಡುವ ಮೊದಲು ಹಿಮೋಗ್ಲೋಬಿನ್ ನೋಡಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ 57 ಪ್ರತಿಶತ ರಕ್ತಹೀನರು. ಕರ್ನಾಟಕದಲ್ಲೂ ಅರ್ಧದ ಹತ್ತಿರ. ಅಂದರೆ ಹತ್ತು ಜನರ ತಂಡದಲ್ಲಿ ನಾಲ್ಕೈದು ಮಂದಿ ಅರ್ಧ ಇಂಧನದಲ್ಲಿ ಓಡುತ್ತಿರಬಹುದು.

ಎರಡು ಪರೀಕ್ಷೆ ಬೇಕು. ಒಂದು ಸಿಬಿಸಿ, ಅಂದರೆ ರಕ್ತಕಣಗಳ ಪೂರ್ಣ ಎಣಿಕೆ: ಗರ್ಭಿಣಿಯಲ್ಲದ ಹೆಂಗಸಿಗೆ ಹಿಮೋಗ್ಲೋಬಿನ್ ಡೆಸಿಲೀಟರಿಗೆ 12 ಗ್ರಾಂಗಿಂತ ಕಡಿಮೆಯಿದ್ದರೆ ರಕ್ತಹೀನತೆ. ಇನ್ನೊಂದು ಫೆರಿಟಿನ್, ಅಂದರೆ ಕಬ್ಬಿಣದ ದಾಸ್ತಾನು. ಹಿಮೋಗ್ಲೋಬಿನ್ 12.4 ಇದ್ದು ಫೆರಿಟಿನ್ 9 ಇರುವವರು ಕಡಿಮೆಯಿಲ್ಲ. ಲ್ಯಾಬಿನ ಕಾಗದದಲ್ಲಿ ಹಿಮೋಗ್ಲೋಬಿನ್ 'ನಾರ್ಮಲ್' ಎಂದು ಬರುತ್ತದೆ, ದಾಸ್ತಾನು ಖಾಲಿಯಾಗಿರುತ್ತದೆ. ಫೆರಿಟಿನ್ 15ಕ್ಕಿಂತ ಕಡಿಮೆ ಎಂದರೆ ಕೊರತೆ ಖಚಿತ. ಕ್ರೀಡಾಪಟುಗಳಲ್ಲಿ 30ಕ್ಕಿಂತ ಕೆಳಗಿದ್ದರೂ ವೈದ್ಯರು ಗಮನ ಕೊಡುತ್ತಾರೆ. ಜ್ವರ, ಸೋಂಕು ಇದ್ದಾಗ ಮತ್ತು ಭಾರೀ ಕಸರತ್ತಿನ ಮರುದಿನ ಫೆರಿಟಿನ್ ಸುಳ್ಳಾಗಿ ಏರಿ ಕಾಣುತ್ತದೆ. ಒಂದು ದಿನ ವಿಶ್ರಾಂತಿ ತೆಗೆದುಕೊಂಡು ಬೆಳಿಗ್ಗೆ ರಕ್ತ ಕೊಡಿ.

ಕಬ್ಬಿಣ ಎಲ್ಲಿ ಹೋಗುತ್ತದೆ? ಒಂದು ಮಿಲಿಲೀಟರ್ ರಕ್ತ ಹೋದರೆ ಸುಮಾರು ಅರ್ಧ ಮಿಲಿಗ್ರಾಂ ಕಬ್ಬಿಣ ಹೋದಂತೆ. ಸಾಧಾರಣ ಮುಟ್ಟಿನಲ್ಲಿ 30–40 ಮಿಲಿಲೀಟರ್ ಹೋಗುತ್ತದೆ, 80 ದಾಟಿದರೆ ಅತಿಸ್ರಾವ. ಮನೆಯಲ್ಲಿ ಯಾರೂ ಅಳೆಯುವುದಿಲ್ಲ, ಗುರುತು ಹೀಗಿದೆ: ಗಂಟೆ ಎರಡು ಗಂಟೆಗೊಮ್ಮೆ ಪ್ಯಾಡ್ ನೆನೆದು ಬದಲಿಸಬೇಕಾಗುವುದು, ಏಳು ದಿನ ದಾಟುವುದು, ರೂಪಾಯಿ ನಾಣ್ಯಕ್ಕಿಂತ ದೊಡ್ಡ ಗಡ್ಡೆ ಬೀಳುವುದು. ಇವಿದ್ದರೆ ಮಾತ್ರೆ ನುಂಗುತ್ತ ಕೂರದೆ ಸ್ರಾವದ ಕಾರಣವನ್ನೇ ಹುಡುಕಿಸಬೇಕು.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಹೆಂಗಸರಿಗೆ ದಿನಕ್ಕೆ 29 ಮಿಲಿಗ್ರಾಂ ಕಬ್ಬಿಣ ಎಂದಿದೆ, ಗಂಡಸರಿಗೆ 19. 'ಬೆಲ್ಲ ತಿನ್ನು, ರಕ್ತ ಆಗುತ್ತದೆ' ಎಂಬ ಮಾತಿನಿಂದ ಈ ಅಂತರ ತುಂಬುವುದಿಲ್ಲ. 10 ಗ್ರಾಂ ಬೆಲ್ಲದ ಹೆಂಟೆಯಲ್ಲಿ ಒಂದು ಮಿಲಿಗ್ರಾಂ ಸಿಕ್ಕರೂ ಹೆಚ್ಚೇ. ಸಜ್ಜಿ, ಜೋಳ, ಮಡಿಕಿಕಾಳು, ಹೆಸರು, ಬಾಣಂತಿಗೆ ಕೊಡುವ ಅಳವಿ, ಎಳ್ಳು, ರಾಜಗಿರಿ ಸೊಪ್ಪು ಇವುಗಳಲ್ಲಿ ಕಬ್ಬಿಣ ಇದೆ, ಹೀರಿಕೆ ಮಾತ್ರ ಕಡಿಮೆ. ಹೀರಿಕೆ ಹೆಚ್ಚಬೇಕೆಂದರೆ ಊಟದ ಜೊತೆ ಲಿಂಬೆಹಣ್ಣು, ಹಸಿ ಟೊಮೆಟೊ, ಪೇರಲಹಣ್ಣು ಇರಲಿ. ಅದನ್ನು ಕೆಡಿಸುವುದು ಚಹಾ. ರೊಟ್ಟಿ ಉಂಡು ಕೈ ತೊಳೆಯುತ್ತಲೇ ಕುಡಿಯುವ ಅರ್ಧ ಕಪ್ ಚಹಾ ಕಬ್ಬಿಣವನ್ನು ಹಿಡಿದಿಟ್ಟುಬಿಡುತ್ತದೆ. ಚಹಾ ಬಿಡಿ ಎಂದು ಧಾರವಾಡದವರಿಗೆ ಹೇಳುವ ಧೈರ್ಯ ಯಾರಿಗೂ ಇಲ್ಲ. ಊಟಕ್ಕೂ ಚಹಾಕ್ಕೂ ಒಂದು ಗಂಟೆ ಅಂತರ ಇಡಿ, ಸಾಕು.

ಮಾತ್ರೆ ಎಷ್ಟು, ಎಷ್ಟು ದಿನ ಎಂಬುದು ವೈದ್ಯರ ಮಾತು. ಆಶಾ ಕಾರ್ಯಕರ್ತೆ ಕೊಡುವ ವಾರಕ್ಕೊಂದರ ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ ಇರುತ್ತದೆ, ಅದು ಕೊರತೆ ಬರದಂತೆ ತಡೆಯುವ ಪ್ರಮಾಣ. ಕೊರತೆ ತುಂಬಿಸಲು ಹೆಚ್ಚು ಬೇಕಾಗಬಹುದು. ದಿನ ಬಿಟ್ಟು ದಿನ ತೆಗೆದುಕೊಂಡರೆ ಪ್ರತಿ ಮಾತ್ರೆಯ ಹೀರಿಕೆ ಚೆನ್ನಾಗಿರುತ್ತದೆ, ಹೊಟ್ಟೆ ಉರಿಯೂ ಕಡಿಮೆ. ಈ ಬಗ್ಗೆ ನಿಮ್ಮ ವೈದ್ಯರನ್ನು ಕೇಳಿ. ಕಸರತ್ತಾದ ಮೂರರಿಂದ ಆರು ಗಂಟೆಯ ಹೊತ್ತಿಗೆ ದೇಹ ಕಬ್ಬಿಣವನ್ನು ಒಳಗೆ ಬಿಡದಂತೆ ಬಾಗಿಲು ಹಾಕುತ್ತದೆ. ಅದಕ್ಕೇ ಮಾತ್ರೆ ಬೆಳಗಿನ ಹೊತ್ತು, ಕಸರತ್ತಿಗೆ ಮುಂಚೆ ಅಥವಾ ಮುಗಿದ ಅರ್ಧ ಗಂಟೆಯೊಳಗೆ. ಹಾಲಿನ ಜೊತೆ ಬೇಡ.

ಹೆಜ್ಜೆ 3: ಊಟದ ಲೆಕ್ಕ

ಚಕ್ರ ನಿಲ್ಲುವುದು ಕಸರತ್ತಿನಿಂದಲ್ಲ. ಕಸರತ್ತಿಗೆ ತಕ್ಕ ಊಟ ಇಲ್ಲದ್ದರಿಂದ. ಕಸರತ್ತಿಗೆ ಹೋದ ಶಕ್ತಿಯನ್ನು ಕಳೆದು ಉಳಿದದ್ದರಲ್ಲಿ ಹೃದಯ, ಮೂಳೆ, ಹಾರ್ಮೋನು ಎಲ್ಲ ನಡೆಯಬೇಕು. ಕೊಬ್ಬು ಬಿಟ್ಟ ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 45 ಕಿಲೋಕ್ಯಾಲರಿ ಉಳಿದರೆ ಸುರಳೀತ. 30ಕ್ಕಿಂತ ಇಳಿದರೆ ಐದು ದಿನದಲ್ಲೇ ಮೆದುಳಿನಿಂದ ಅಂಡಾಶಯಕ್ಕೆ ಹೋಗುವ ಎಲ್‌ಎಚ್ ಸಂಕೇತದ ಲಯ ತಪ್ಪುತ್ತದೆ ಎಂದು ಪ್ರಯೋಗದಲ್ಲೇ ಕಂಡಿದೆ. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಲ್ಲಿ ಈ ಸ್ಥಿತಿಗೆ ರೆಡ್-ಎಸ್ (ಕ್ರೀಡೆಯಲ್ಲಿ ಶಕ್ತಿಯ ಸಾಪೇಕ್ಷ ಕೊರತೆ) ಎಂದು ಹೆಸರಿಟ್ಟಿತು, 2023ರಲ್ಲಿ ಅದರ ಮಾರ್ಗಸೂಚಿಯನ್ನು ಪರಿಷ್ಕರಿಸಿತು.

ಲೆಕ್ಕ ಹೀಗೆ. 55 ಕಿಲೋದ ಹುಡುಗಿ, ಕೊಬ್ಬು 25 ಪ್ರತಿಶತ. ಕೊಬ್ಬು ಬಿಟ್ಟ ತೂಕ ಸುಮಾರು 41 ಕಿಲೋ. 41ನ್ನು 45ರಿಂದ ಗುಣಿಸಿದರೆ 1845. ದಿನದ ಕಸರತ್ತಿಗೆ 400 ಸೇರಿಸಿದರೆ 2245. ಅವಳು 1600 ತಿಂದರೆ ಕಸರತ್ತು ಕಳೆದು ಉಳಿಯುವುದು 1200, ಅಂದರೆ ಕಿಲೋಗೆ 29. ತೂಕ ಇಳಿಸಲು ಹೊರಟ ಕುಸ್ತಿ ಹುಡುಗಿಯರು, 'ಸಣ್ಣ ಆಗಬೇಕು' ಎಂದು ರಾತ್ರಿ ಊಟ ಬಿಟ್ಟವರು ಬೀಳುವುದು ಇಲ್ಲೇ. ಎಲ್ಲರಿಗೂ ಬಡಿಸಿ ಕೊನೆಗೆ ಪಾತ್ರೆಯಲ್ಲಿ ಉಳಿದಷ್ಟು ಉಣ್ಣುವ ಗೃಹಿಣಿಯೂ ಇಲ್ಲೇ ಬೀಳುತ್ತಾಳೆ, ಆದರೆ ಅವಳನ್ನು ಯಾರೂ ಕ್ರೀಡಾಪಟು ಎಂದು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಮೂರು ತಿಂಗಳು ಮುಟ್ಟು ಬಾರದಿದ್ದರೆ, 15 ತುಂಬಿದರೂ ಮೊದಲ ಮುಟ್ಟು ಆಗದಿದ್ದರೆ, ಮೊಣಕಾಲ ಕೆಳಗಿನ ಮೂಳೆಯಲ್ಲಿ ಒಂದೇ ಜಾಗದಲ್ಲಿ ಒತ್ತಿದರೆ ನೋವಿದ್ದರೆ ಓಟ ನಿಲ್ಲಿಸಿ ವೈದ್ಯರನ್ನು ಕಾಣಬೇಕು. ಗರ್ಭಧಾರಣೆ, ಥೈರಾಯ್ಡ್, ಪ್ರೊಲ್ಯಾಕ್ಟಿನ್ (ಎದೆಹಾಲಿನ ಹಾರ್ಮೋನು) ಮೊದಲು ನೋಡಿಸಿ. 'ಆಟ ಆಡುವವರಿಗೆ ಮುಟ್ಟು ನಿಲ್ಲುವುದು ಮಾಮೂಲು' ಎನ್ನುವ ಕೋಚ್‌ನ ಮಾತು ಕೇಳಬೇಡಿ. ಈಸ್ಟ್ರೋಜನ್ ಇಲ್ಲದ ಒಂದೊಂದು ತಿಂಗಳೂ ಮೂಳೆಗೆ ನಷ್ಟ, ಅದೂ ಮೂಳೆ ಗಟ್ಟಿಯಾಗಬೇಕಾದ ವಯಸ್ಸಿನಲ್ಲಿ.

ಪ್ರೊಟೀನ್: ಭಾರ ಎತ್ತುವವರಿಗೆ ತೂಕದ ಕಿಲೋಗೆ 1.4ರಿಂದ 1.6 ಗ್ರಾಂ, 55 ಕಿಲೋಗೆ 77–88 ಗ್ರಾಂ. ನಮ್ಮ ನಾಷ್ಟಾದ ಉಪ್ಪಿಟ್ಟು, ಅವಲಕ್ಕಿ, ಸುಸಲಾ, ಗಿರಮಿಟ್ ಎಲ್ಲ ಹಿಟ್ಟಿನಂಶವೇ. ಶಾಕಾಹಾರಿಗಳಿಗೆ ಒಂದು ದಿನದ ಮಾದರಿ: ಕಸರತ್ತಾದ ಮೇಲೆ 250 ಮಿಲಿಲೀಟರ್ ಹಾಲು, ಒಂದು ಹಿಡಿ ಹುರಿದ ಶೇಂಗಾ (30 ಗ್ರಾಂ), ನಾಷ್ಟಾಕ್ಕೆ 60 ಗ್ರಾಂ ಹೆಸರು ನೆನೆಸಿ ರುಬ್ಬಿದ ದೋಸೆ, ಮಧ್ಯಾಹ್ನ ಮೂರು ಜೋಳದ ರೊಟ್ಟಿ, 50 ಗ್ರಾಂ ಮಡಿಕಿಕಾಳಿನ ಪಲ್ಯ, ಗುರೆಳ್ಳು ಅಥವಾ ಶೇಂಗಾ ಚಟ್ನಿ, ಒಂದು ಬಟ್ಟಲು ಗಟ್ಟಿ ಮೊಸರು, ಹಸಿ ಹಕ್ಕರಿಕಿ, ಸಂಜೆ ಒಂದು ಹಿಡಿ ಪುಟಾಣಿ, ರಾತ್ರಿ ಎರಡು ರೊಟ್ಟಿ, ಝುಣಕ ಅಥವಾ ಗಟ್ಟಿ ಬೇಳೆ, ಅನ್ನ, ಮೊಸರು. ಪ್ರೊಟೀನ್ 85 ಗ್ರಾಂ ದಾಟುತ್ತದೆ. ಮೊಟ್ಟೆ ತಿನ್ನುವವರು ಎರಡು ಸೇರಿಸಿ ಶೇಂಗಾ ಕಡಿಮೆ ಮಾಡಬಹುದು. ಸ್ನಾಯುವಿನ ಬಲಕ್ಕೆ ತೆಗೆದುಕೊಳ್ಳುವ ಕ್ರಿಯಾಟಿನ್ ಪುಡಿ ದಿನಕ್ಕೆ 3ರಿಂದ 5 ಗ್ರಾಂ ಹೆಂಗಸರಿಗೂ ಉಪಯುಕ್ತ. ಮೂತ್ರಪಿಂಡದ ತೊಂದರೆ ಇದ್ದವರು, ಗರ್ಭಿಣಿಯರು ಬಿಡಲಿ.

ಶ್ರಾವಣ ಸೋಮವಾರ, ನವರಾತ್ರಿಯ ಒಪ್ಪತ್ತು ಬಂದರೆ ಭಾರ ಇಳಿಸಬೇಡಿ, ಸೆಟ್ ಅರ್ಧ ಮಾಡಿ. ಊಟ ಆಗುವ ಹೊತ್ತಿಗೆ ಒಂದೆರಡು ಗಂಟೆ ಮುಂಚೆ ಕಸರತ್ತು ಇಟ್ಟುಕೊಳ್ಳಿ. ಬರೀ ಸಾಬೂದಾಣಿ ತಿಂದರೆ ಹಿಟ್ಟಿನಂಶವಷ್ಟೇ ಸಿಗುತ್ತದೆ. ಶೇಂಗಾ ಪುಡಿ, ಹಾಲು, ರಾಜಗಿರಿ ಲಾಡು ಸೇರಿಸಿ.

ಹೆಜ್ಜೆ 4: ವಾರದ ಕಸರತ್ತು

ಹೆಂಗಸರ ಸ್ನಾಯುವಿಗೆ ಬೇರೆ ಜಾತಿಯ ಕಸರತ್ತು ಬೇಕಿಲ್ಲ. ಆರಂಭದ ಬಲ ಕಡಿಮೆ, ಅದರಲ್ಲೂ ಭುಜ, ತೋಳಿನಲ್ಲಿ. ಆದರೆ ಇದ್ದ ಬಲಕ್ಕೆ ಹೋಲಿಸಿದರೆ ಏರಿಕೆ ಗಂಡಸರಷ್ಟೇ. ಟೆಸ್ಟೋಸ್ಟೆರಾನ್ ಗಂಡಸರ ಹದಿನೈದರಲ್ಲಿ ಒಂದು ಪಾಲು ಇರುವುದರಿಂದ 'ಗಂಡಸರ ಹಾಗೆ ದಪ್ಪ ಆಗುತ್ತೇನೆ' ಎಂಬ ಹೆದರಿಕೆ ಬೇಡ. ಇನ್ನೊಂದು ಲಾಭವಿದೆ: ಸೆಟ್‌ಗಳ ನಡುವೆ ಹೆಂಗಸರ ಸ್ನಾಯು ಬೇಗ ಚೇತರಿಸಿಕೊಳ್ಳುತ್ತದೆ. ಗಂಡಸರು ಮೂರು ನಿಮಿಷ ಕೂರುವ ಕಡೆ ಎರಡು ನಿಮಿಷ ಸಾಕಾಗುತ್ತದೆ, ಒಂದು ಸೆಟ್ ಹೆಚ್ಚು ಹಿಡಿಸುತ್ತದೆ.

ಸೋಮವಾರ: ಸ್ಕ್ವಾಟ್ 4 ಸೆಟ್ 6 ರೆಪ್, ತಲೆ ಮೇಲಿನ ಪ್ರೆಸ್ 4 ಸೆಟ್ 6, ರೋ (ಬಾಗಿ ನಿಂತು ಭಾರವನ್ನು ಹೊಟ್ಟೆಯತ್ತ ಎಳೆಯುವುದು) 3 ಸೆಟ್ 10.
ಬುಧವಾರ: ಡೆಡ್‌ಲಿಫ್ಟ್ (ನೆಲದ ಮೇಲಿನ ಭಾರವನ್ನು ಬೆನ್ನು ನೇರ ಇಟ್ಟು ಎತ್ತಿ ನಿಲ್ಲುವುದು) 4 ಸೆಟ್ 5, ಪುಷ್-ಅಪ್ ಅಥವಾ ಬೆಂಚ್ (ಮಲಗಿ ಎದೆಯಿಂದ ಭಾರ ಮೇಲೆತ್ತುವುದು) 4 ಸೆಟ್ 8, ಲ್ಯಾಟ್ ಪುಲ್‌ಡೌನ್ (ಕೂತು ಮೇಲಿನ ಸರಳನ್ನು ಎದೆಯವರೆಗೆ ಎಳೆಯುವುದು) 3 ಸೆಟ್ 10, ಲಂಜ್ (ಒಂದು ಕಾಲು ಮುಂದಿಟ್ಟು ಮೊಣಕಾಲು ಮಡಚಿ ಇಳಿಯುವುದು) ಕಾಲಿಗೆ 10ರಂತೆ 2 ಸೆಟ್.
ಶುಕ್ರವಾರ: ಸೋಮವಾರದ 85 ಪ್ರತಿಶತ ಭಾರದಲ್ಲಿ ಸ್ಕ್ವಾಟ್ 3 ಸೆಟ್ 8, ಹಿಪ್ ಥ್ರಸ್ಟ್ (ಬೆನ್ನನ್ನು ಬೆಂಚಿಗೆ ಆನಿಸಿ ಸೊಂಟದಿಂದ ಭಾರ ಎತ್ತುವುದು) 3 ಸೆಟ್ 8, ಪ್ರೆಸ್ 3 ಸೆಟ್ 8.
ಮಂಗಳವಾರ, ಶನಿವಾರ: ಒಂದು ದಿನ ಮಾತನಾಡುತ್ತ ಓಡಬಲ್ಲ ವೇಗದಲ್ಲಿ 30–40 ನಿಮಿಷ, ಇನ್ನೊಂದು ದಿನ ಹುಬ್ಬಳ್ಳಿಯ ನೃಪತುಂಗ ಬೆಟ್ಟದಂಥ ಏರಿನಲ್ಲಿ 45 ಸೆಕೆಂಡಿನ 6 ಓಟ, ನಡೆದು ಇಳಿಯುವುದು.

ಭಾರ ಎಷ್ಟು? ಸೆಟ್ ಮುಗಿದಾಗ ಇನ್ನೆರಡು ರೆಪ್ ಆಗಬಹುದಿತ್ತು ಅನ್ನಿಸಬೇಕು. ಹೊಸಬರು ಮೊದಲ ಎರಡು ವಾರ ನಾಲ್ಕು ರೆಪ್ ಉಳಿಸಿಕೊಳ್ಳಲಿ.

ನಮ್ಮ ಕಡೆಯ ಜಿಮ್‌ಗಳಲ್ಲಿ ನಿಜವಾಗಿ ಕೆಡುವುದು ಪ್ಲೇಟಿನ ಲೆಕ್ಕ. ಬಾರ್ 20 ಕಿಲೋದ್ದು, ಇರುವ ಚಿಕ್ಕ ಪ್ಲೇಟು 2.5 ಕಿಲೋ, ಎರಡೂ ಕಡೆ ಹಾಕಿದರೆ 5. 80 ಎತ್ತುವವನಿಗೆ 5 ಕಿಲೋ ಏರಿಕೆ ಆರು ಪ್ರತಿಶತ. ಖಾಲಿ ಬಾರ್ ಪ್ರೆಸ್ ಮಾಡುವ ಹುಡುಗಿಗೆ 20ರಿಂದ 25ಕ್ಕೆ ಹೋಗುವುದು ಇಪ್ಪತ್ತೈದು ಪ್ರತಿಶತ. ಅವಳು ಎತ್ತಲಾರದೆ 'ನನಗೆ ಶಕ್ತಿ ಇಲ್ಲ' ಎಂದುಕೊಂಡು ಟ್ರೆಡ್‌ಮಿಲ್‌ಗೆ ಹೋಗುತ್ತಾಳೆ. 15 ಕಿಲೋದ ಬಾರ್ ಮತ್ತು ಅರ್ಧ, ಒಂದೂಕಾಲು ಕಿಲೋದ ಪ್ಲೇಟು ತರಿಸಲು ಜಿಮ್ಮಿನವರನ್ನು ಒತ್ತಾಯಿಸಿ. ಅದಾಗದಿದ್ದರೆ ಅರ್ಧ ಕಿಲೋದ ಕಾಲಿಗೆ ಕಟ್ಟುವ ತೂಕವನ್ನು ಬಾರ್‌ಗೆ ಎರಡೂ ಕಡೆ ಬಿಗಿಯಾಗಿ ಸುತ್ತಿ. ಅದೂ ಇಲ್ಲವೆಂದರೆ ಭಾರ ಅಷ್ಟೇ ಇಟ್ಟು 6 ರೆಪ್‌ನಿಂದ 10ರವರೆಗೆ ಏರಿಸಿ, ಆಮೇಲೆ 5 ಕಿಲೋ ಏರಿ. ಸ್ಕ್ವಾಟ್, ಡೆಡ್‌ಲಿಫ್ಟ್ ವಾರಕ್ಕೆ 2.5 ಕಿಲೋ ಏರಬಹುದು, ಪ್ರೆಸ್ 1 ಕಿಲೋ ಏರಿದರೂ ಬಹಳ.

ಹೆಜ್ಜೆ 5: ಚಕ್ರಕ್ಕೆ ತಕ್ಕ ತಿದ್ದುಪಡಿ

ಮುಟ್ಟಿನ ಹೊಟ್ಟೆನೋವಿಗೆ ಕಾರಣ ಗರ್ಭಕೋಶದಲ್ಲೇ ಹುಟ್ಟುವ ಪ್ರೊಸ್ಟಾಗ್ಲಾಂಡಿನ್ ಎಂಬ ರಾಸಾಯನಿಕ. ಗರ್ಭಕೋಶ ಹಿಂಡುವುದೂ, ಕೆಲವರಿಗೆ ಭೇದಿಯಾಗುವುದೂ ಅದರಿಂದಲೇ. ವಾರಕ್ಕೆ ಮೂರು ಸಲ, 45–60 ನಿಮಿಷದ ಕಸರತ್ತು ತಿಂಗಳುಗಟ್ಟಲೆ ನಡೆಸಿದವರಿಗೆ ಈ ನೋವು ಇಳಿಯುತ್ತದೆ. ಆ ದಿನ ಹೀಗೆ ಮಾಡಿ: ಹತ್ತು ನಿಮಿಷ ಮೈ ಕಾಯಿಸಿ, ಎಂದಿನ ಮೂರು ಹಗುರ ಸೆಟ್ ಎತ್ತಿ. ಮೂರನೆಯದು ಎಂದಿನ ವೇಗದಲ್ಲಿ ಎದ್ದರೆ ಯೋಜನೆಯಂತೆ ನಡೆಯಿರಿ. ನಿಧಾನವಾದರೆ ಭಾರ 5–10 ಪ್ರತಿಶತ ಇಳಿಸಿ ಅಥವಾ ಒಂದು ಸೆಟ್ ಬಿಡಿ. ತಲೆ ಸುತ್ತಿದರೆ ಮನೆಗೆ ಹೋಗಿ. ನೋವು ಪ್ರತಿ ತಿಂಗಳು ಕೆಲಸ ಬಿಡಿಸುವಷ್ಟಿದ್ದರೆ, ಮುಟ್ಟಿಲ್ಲದಾಗಲೂ ಇದ್ದರೆ ಎಂಡೊಮೆಟ್ರಿಯೋಸಿಸ್ (ಗರ್ಭಕೋಶದ ಒಳಪದರದಂಥದ್ದು ಹೊರಗೂ ಬೆಳೆಯುವ ರೋಗ) ಇದೆಯೇ ಎಂದು ಸ್ತ್ರೀರೋಗ ತಜ್ಞರಲ್ಲಿ ತೋರಿಸಬೇಕು; 'ಮದುವೆ ಆದಮೇಲೆ ಸರಿಹೋಗುತ್ತದೆ' ಎಂಬುದು ಚಿಕಿತ್ಸೆಯಲ್ಲ.

ಅಂಡೋತ್ಪತ್ತಿಯ ಆಸುಪಾಸಿನ ದಿನಗಳಲ್ಲಿ ಬಹಳ ಜನರಿಗೆ ಹುರುಪು. ದಾಖಲೆ ಮುರಿಯುವ ಪ್ರಯತ್ನ ಆಗ ಇಟ್ಟುಕೊಳ್ಳಬಹುದು. ಆದರೆ ಜಿಲ್ಲಾ ಪಂದ್ಯ ನಿಮ್ಮ ಡೇಟ್ ಕೇಳಿ ಬರುವುದಿಲ್ಲ, ಆದ್ದರಿಂದ ಚಕ್ರದ ಎಲ್ಲ ದಿನಗಳಲ್ಲೂ ಗಟ್ಟಿ ಅಭ್ಯಾಸ ಮಾಡಿ ನೋಡಿರಬೇಕು.

ಮುಟ್ಟಿಗೆ ಮುಂಚಿನ ಎರಡು ವಾರದಲ್ಲಿ ಗಮನ ಬೇಕಾದದ್ದು ಬಿಸಿಲಿಗೆ. ಮೈ ಮೊದಲೇ ಬಿಸಿ, ಬೆವರು ತಡವಾಗಿ ಶುರು. ಚಳಿಗಾಲದ ಧಾರವಾಡದಲ್ಲಿ ಇದು ಗೊತ್ತೂ ಆಗುವುದಿಲ್ಲ. ಏಪ್ರಿಲ್‌ನಲ್ಲಿ ಗದಗಿನ ಬಯಲಲ್ಲಿ ಚೆನ್ನಾಗಿ ಗೊತ್ತಾಗುತ್ತದೆ. ಬೇಸಿಗೆಯಲ್ಲಿ ಉದ್ದ ಓಟ ಬೆಳಗಿನ ಏಳರೊಳಗೆ ಮುಗಿಸಿ. ಓಟಕ್ಕೆ ಎರಡು ಗಂಟೆ ಮುಂಚೆ 400–500 ಮಿಲಿಲೀಟರ್ ನೀರು. ಒಂದು ಗಂಟೆ ದಾಟುವ ಓಟವಿದ್ದರೆ ಉಪ್ಪು, ಲಿಂಬೆ, ಸಕ್ಕರೆ ಹಾಕಿದ ಶರಬತ್ತು ಅಥವಾ ಓಆರ್‌ಎಸ್. ವೇಗ ಗಡಿಯಾರದಿಂದ ಅಳೆಯದೆ ಶ್ರಮದಿಂದ ಅಳೆಯಿರಿ. ಕೊನೆಯ ನಾಲ್ಕೈದು ದಿನ ಹಸಿವು ಹೆಚ್ಚುವುದು ಸಹಜ, ಒಂದು ರೊಟ್ಟಿ ಹೆಚ್ಚು ಉಣ್ಣಿ.

ಮೊಣಕಾಲು

ಕಬಡ್ಡಿ, ಕೊಕ್ಕೊ, ಫುಟ್‌ಬಾಲ್‌ನಂಥ ಆಟಗಳಲ್ಲಿ ಮೊಣಕಾಲಿನ ಎಸಿಎಲ್ (ಒಳಗಿನ ಮುಖ್ಯ ಅಸ್ಥಿರಜ್ಜು) ಹರಿಯುವುದು ಹುಡುಗರಿಗಿಂತ ಹುಡುಗಿಯರಲ್ಲಿ ಎರಡು ಮೂರು ಪಟ್ಟು ಹೆಚ್ಚು. ಸೊಂಟದ ಅಗಲ, ಹಾರ್ಮೋನು ಎಂದು ಕಾರಣ ಹೇಳುತ್ತಾರೆ, ಅವನ್ನು ಬದಲಿಸಲಾಗದು. ಬದಲಿಸಬಹುದಾದದ್ದು ನೆಲಕ್ಕೆ ಇಳಿಯುವ ರೀತಿ. ಕೊಕ್ಕೊದಲ್ಲಿ ಕಂಬ ಹಿಡಿದು ತಿರುಗುವಾಗ, ಕಬಡ್ಡಿಯಲ್ಲಿ ರೇಡರ್ ಒಂದೇ ಕಾಲಿನ ಮೇಲೆ ದಿಕ್ಕು ಬದಲಿಸುವಾಗ ಕಾಲು ನೆಟ್ಟಗಿದ್ದು ಮೊಣಕಾಲು ಒಳಗೆ ಬಿದ್ದರೆ ಅಪಾಯ.

ವಾರಕ್ಕೆ ಮೂರು ದಿನ, ಆಟಕ್ಕೆ ಮುಂಚೆ 15 ನಿಮಿಷ ಸಾಕು: ಎರಡು ಕಾಲಲ್ಲಿ ಜಿಗಿದು ಇಳಿದು ಮೂರು ಸೆಕೆಂಡು ಅಲ್ಲಾಡದೆ ನಿಲ್ಲುವುದು 6 ಸಲ; ಒಂಟಿಕಾಲಲ್ಲಿ ಪಕ್ಕಕ್ಕೆ ಜಿಗಿದು ನಿಲ್ಲುವುದು ಕಾಲಿಗೆ 5; ಗೆಳತಿ ಹಿಮ್ಮಡಿ ಹಿಡಿದಾಗ ಮೊಣಕಾಲೂರಿ ನಿಧಾನಕ್ಕೆ ಮುಂದೆ ಬಾಗುವ ನಾರ್ಡಿಕ್ 2 ಸೆಟ್ 4; ಸೈಡ್ ಪ್ಲಾಂಕ್ (ಪಕ್ಕಕ್ಕೆ ಮಲಗಿ ಮೊಣಕೈ ಊರಿ ಮೈಯನ್ನು ನೇರ ಎತ್ತಿ ಹಿಡಿಯುವುದು) 20 ಸೆಕೆಂಡು; ಅರ್ಧ ವೇಗದ ಓಟದಲ್ಲಿ ದಿಕ್ಕು ಬದಲು 6. ಬಾಯಲ್ಲಿ ಹೇಳಿದರೆ ಯಾರಿಗೂ ಅರ್ಥವಾಗುವುದಿಲ್ಲ. ಮೊಬೈಲನ್ನು ಮೊಣಕಾಲಿನ ಎತ್ತರಕ್ಕೆ ಎದುರಿಗಿಟ್ಟು ಚಿತ್ರೀಕರಿಸಿ ತೋರಿಸಿ. ಮಂಡಿಚಿಪ್ಪು ಎರಡನೇ ಬೆರಳಿನ ನೇರದಲ್ಲಿರಬೇಕು.

ಗರ್ಭನಿರೋಧಕ, ಪಿಸಿಓಡಿ

ಮಾಲಾ-ಎನ್‌ನಂಥ ಮಾತ್ರೆಯಲ್ಲಿ 21 ಹಾರ್ಮೋನು ಮಾತ್ರೆ, 7 ಕಬ್ಬಿಣದ ಮಾತ್ರೆ. ಆ ಏಳು ದಿನದಲ್ಲಿ ಬರುವ ಸ್ರಾವ ಹಾರ್ಮೋನು ನಿಂತದ್ದರ ಫಲ. ಊಟ ಸಾಲದಿದ್ದರೂ ಅದು ಗಡಿಯಾರದಂತೆ ಬರುತ್ತದೆ, ಹಾಗಾಗಿ 'ಮುಟ್ಟು ಸರಿಯಿದೆ, ನಾನು ಸರಿಯಿದ್ದೇನೆ' ಎಂಬ ಲೆಕ್ಕ ಇವರಿಗಿಲ್ಲ. ಮೂರು ತಿಂಗಳಿಗೊಮ್ಮೆಯ ಅಂತರಾ ಚುಚ್ಚುಮದ್ದು ಇರುವಷ್ಟು ಕಾಲ ಮೂಳೆಯ ಸಾಂದ್ರತೆ ತುಸು ತಗ್ಗುತ್ತದೆ, ಬಿಟ್ಟ ಮೇಲೆ ಬಹುಪಾಲು ಮರಳುತ್ತದೆ. ಭಾರ, ಕ್ಯಾಲ್ಸಿಯಂ ತಪ್ಪಿಸಬೇಡಿ. ಕಾಪರ್-ಟಿ ಹಾಕಿಸಿಕೊಂಡವರಿಗೆ ಸ್ರಾವ ಹೆಚ್ಚಬಹುದು. ಆರು ತಿಂಗಳಿಗೊಮ್ಮೆ ಫೆರಿಟಿನ್ ನೋಡಿಸಿ.

ಪಿಸಿಓಡಿ (ಅಂಡೋತ್ಪತ್ತಿ, ಮುಟ್ಟು ಏರುಪೇರಾಗುವ ಹಾರ್ಮೋನು ತೊಂದರೆ) ಇದ್ದವರಿಗೆ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಕಸರತ್ತು ಅಥವಾ ಅದರ ಅರ್ಧದಷ್ಟು ಜೋರಿನದು, ಜೊತೆಗೆ ಅಕ್ಕಪಕ್ಕ ಬಾರದ ಎರಡು ದಿನ ಭಾರ ಎಂದು 2023ರ ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳುತ್ತದೆ. ತೂಕ ಇಳಿಯದಿದ್ದರೂ ಇನ್ಸುಲಿನ್ ಕೆಲಸ ಸುಧಾರಿಸುತ್ತದೆ, ತೂಕದ ಕಾಟಾ ಒಂದನ್ನೇ ನೋಡಿ ಬಿಡಬೇಡಿ.

ಬಾಣಂತನದ ನಂತರ

ಮೊದಲ ವಾರಗಳಲ್ಲಿ ಉಸಿರಿನ ಅಭ್ಯಾಸ, ಮನೆಯೊಳಗೆ ನಡಿಗೆ, ಮತ್ತು ಶ್ರೋಣಿಯ ತಳದ ಸ್ನಾಯು. ಮೂತ್ರವನ್ನೂ ಗಾಳಿಯನ್ನೂ ಒಟ್ಟಿಗೆ ತಡೆದಂತೆ ಒಳಗೆ ಮೇಲಕ್ಕೆ ಎಳೆದು 6–8 ಸೆಕೆಂಡು ಹಿಡಿದು, ಅಷ್ಟೇ ಹೊತ್ತು ಪೂರ್ತಿ ಸಡಿಲಿಸಿ. 8–12 ಸಲ, ದಿನಕ್ಕೆ ಮೂರು ಹೊತ್ತು. ಉಸಿರು ಕಟ್ಟುವುದು, ತೊಡೆ ಬಿಗಿಯುವುದು ಸಾಮಾನ್ಯ ತಪ್ಪು. ಬಾಣಂತಿಗೆ ನೀರು ಕಡಿಮೆ ಕೊಡುವ ಪದ್ಧತಿಯನ್ನು ಬಿಡಿ: ಮಲ ಗಟ್ಟಿಯಾಗಿ ತಿಣುಕಿದಷ್ಟೂ ಈ ಸ್ನಾಯುವೇ ಸೋಲುತ್ತದೆ. ಸಿಸೇರಿಯನ್ ಆದವರು ವೈದ್ಯರ ಒಪ್ಪಿಗೆ ಪಡೆದೇ ಭಾರ ಮುಟ್ಟಲಿ. ಓಟ ಹನ್ನೆರಡು ವಾರಕ್ಕೆ ಮುಂಚೆ ಬೇಡ. ಆಗಲೂ ಜಿಗಿದಾಗ ಮೂತ್ರ ಸೋರಿದರೆ, ಕೆಳಗೆ ಏನೋ ಜಾರಿದಂತೆ ಭಾರವೆನಿಸಿದರೆ ಇನ್ನೂ ಹೊತ್ತಾಗಿಲ್ಲ ಎಂದು ತಿಳಿಯಿರಿ. ಎದೆಹಾಲು ಕೊಡುವವರಿಗೆ ಮೊದಲ ಆರು ತಿಂಗಳು ದಿನಕ್ಕೆ 600 ಕಿಲೋಕ್ಯಾಲರಿ ಹೆಚ್ಚು ಬೇಕು, ಕಸರತ್ತಿನದು ಅದರ ಮೇಲೆ. ಮಗುವಿಗೆ ಹಾಲು ಕೊಟ್ಟು ಹೊರಟರೆ ಓಟ ಹಗುರ.

ಮುಟ್ಟು ನಿಂತವರು, ಗರ್ಭಕೋಶ ತೆಗೆಸಿದವರು

ನಮ್ಮ ದೇಶದಲ್ಲಿ ಮುಟ್ಟು ನಿಲ್ಲುವ ಸರಾಸರಿ ವಯಸ್ಸು 46–47. ಈಸ್ಟ್ರೋಜನ್ ಇಳಿದ ಮೊದಲ ವರ್ಷಗಳಲ್ಲೇ ಮೂಳೆ ಬೇಗ ಸವೆಯುತ್ತದೆ. ಕೆಲಗೇರಿ ಕೆರೆಯ ದಂಡೆಯಲ್ಲಿ ಓಣಿಯ ಅಕ್ಕ-ತಂಗಿಯರ ಜೊತೆ ಸಂಜೆ ನಡಿಗೆ ಹೃದಯಕ್ಕೂ ಮನಸ್ಸಿಗೂ ಒಳ್ಳೆಯದು, ಬೆನ್ನೆಲುಬಿಗೆ ಸಾಲದು. ಆಸ್ಟ್ರೇಲಿಯಾದಲ್ಲಿ ಮೂಳೆ ಸವೆದ, ಮುಟ್ಟು ನಿಂತ ಹೆಂಗಸರಿಗೆ ಎಂಟು ತಿಂಗಳು, ವಾರಕ್ಕೆ ಎರಡು ದಿನ, ಅರ್ಧ ಗಂಟೆ, ಗರಿಷ್ಠದ 80–85 ಪ್ರತಿಶತ ಭಾರದಲ್ಲಿ 5 ಸೆಟ್ 5 ರೆಪ್ ಡೆಡ್‌ಲಿಫ್ಟ್, ಸ್ಕ್ವಾಟ್, ಪ್ರೆಸ್ ಮತ್ತು ಜಿಗಿತ ಮಾಡಿಸಿದರು. ತರಬೇತುದಾರರ ಕಣ್ಣೆದುರಿನ ಆ ಕಸರತ್ತಿನಲ್ಲಿ ಬೆನ್ನೆಲುಬಿನ ಸಾಂದ್ರತೆ ಏರಿತು. ಆ ಭಾರಕ್ಕೆ ಅವರೂ ತಿಂಗಳು ಹಿಡಿದು ಹಂತಹಂತವಾಗಿ ಏರಿದವರು. ಮನೆಯಲ್ಲಿ ಶುರು ಮಾಡುವವರು ಗಟ್ಟಿ ಹಿಡಿಕೆಯ ಚೀಲದಲ್ಲಿ 5 ಕಿಲೋ ಜೋಳ ತುಂಬಿ, ಸೊಂಟದಿಂದ ಬಾಗಿ, ಬೆನ್ನು ನೇರ ಇಟ್ಟು 5 ಸಲದಂತೆ 5 ಸೆಟ್ ಎತ್ತಲಿ. ವಾರಕ್ಕೆ ಒಂದು ಕಿಲೋ ಸೇರಿಸಲಿ. 20 ಕಿಲೋ ದಾಟಿದ ಮೇಲೆ ಬಾರ್ಬೆಲ್ ಹಿಡಿಯುವುದು ಸಲೀಸು. ಮೂಳೆ ಸವೆತ ಪತ್ತೆಯಾದವರು, ಹಿಂದೆ ಮೂಳೆ ಮುರಿದವರು ಒಬ್ಬರೇ ಮಾಡಬೇಡಿ, ಬೆನ್ನು ಗುಂಡಗೆ ಮಾಡಿ ಬಾಗುವ ಆಸನಗಳನ್ನೂ ಬಿಡಿ.

'ಚೀಲ ತೆಗೆಸಿದೆ' ಎನ್ನುವವರು ನಮ್ಮ ಜಿಲ್ಲೆಗಳಲ್ಲಿ ಮೂವತ್ತು ನಲವತ್ತರ ವಯಸ್ಸಿನಲ್ಲೇ ಸಿಗುತ್ತಾರೆ. ಇವರಿಗೆ ಕಸರತ್ತು ಬರೆಯುವ ಮುನ್ನ ಕೇಳಬೇಕಾದ ಪ್ರಶ್ನೆ ಒಂದೇ: ಅಂಡಾಶಯ ಉಳಿದಿದೆಯೇ? ಆಸ್ಪತ್ರೆಯ ಡಿಸ್ಚಾರ್ಜ್ ಕಾಗದದಲ್ಲಿ ಇರುತ್ತದೆ. ಕಾಗದ ಕಳೆದಿದ್ದರೆ ವೈದ್ಯರು ಸ್ಕ್ಯಾನಿಂಗ್ ಅಥವಾ ಎಫ್‌ಎಸ್‌ಎಚ್ ಎಂಬ ಹಾರ್ಮೋನಿನ ರಕ್ತ ಪರೀಕ್ಷೆಯಿಂದ ಅಂದಾಜು ಮಾಡುತ್ತಾರೆ. ಉಳಿದಿದ್ದರೆ ರಕ್ತ ಕಾಣದಿದ್ದರೂ ಹಾರ್ಮೋನಿನ ಏರಿಳಿತ ನಡೆದೇ ಇರುತ್ತದೆ, ನೋಟ್‌ಬುಕ್‌ನಲ್ಲಿ ನಾಡಿ, ನಿದ್ದೆ, ಎದೆ ಬಿಗಿತ ಬರೆದು ಅದನ್ನು ಗುರುತಿಸಬಹುದು. ಎರಡೂ ಅಂಡಾಶಯ ತೆಗೆದಿದ್ದರೆ ಶಸ್ತ್ರಚಿಕಿತ್ಸೆಯ ದಿನದಿಂದಲೇ ಮುಟ್ಟು ನಿಂತವರ ಲೆಕ್ಕ. ವಯಸ್ಸು 35 ಇದ್ದರೂ ಮೂಳೆಗೆ 50ರ ಕಾಳಜಿ ಬೇಕು, ಹಾರ್ಮೋನು ಚಿಕಿತ್ಸೆಯ ಬಗ್ಗೆ ಸ್ತ್ರೀರೋಗ ತಜ್ಞರಲ್ಲಿ ತಡಮಾಡದೆ ಕೇಳಬೇಕು. ಶಸ್ತ್ರಚಿಕಿತ್ಸೆಯಾದ ಆರು ವಾರ ಕೊಡ, ಚೀಲ, ಮಗು ಎತ್ತುವಂತಿಲ್ಲ. ವೈದ್ಯರು ಸೈ ಎಂದ ಮೇಲೆ ಶ್ರೋಣಿಯ ಸ್ನಾಯು, ಕುರ್ಚಿಯಿಂದ ಏಳುವ ಸ್ಕ್ವಾಟ್, ಗೋಡೆಗೆ ಪುಷ್-ಅಪ್ ಎರಡು ಮೂರು ವಾರ. ಹೊಲಿಗೆ ಜಾಗದಲ್ಲಿ ಎಳೆತ, ಕೆಳಗೆ ಭಾರ ಇಲ್ಲವೆಂದರೆ 5 ಕಿಲೋದ ಜೋಳದ ಚೀಲದಿಂದ ಮೇಲಿನ ಕ್ರಮವನ್ನೇ ಹಿಡಿಯಬಹುದು.